ದ್ರವ್ಯರಾಶಿ ಬೇರೆ, ತೂಕ ಬೇರೆ: ಪದೇ ಪದೇ ಕೇಳುವ ಪ್ರಶ್ನೆಗಳು

ತೂಕವನ್ನು ಯಾವುದರಲ್ಲಿ ಅಳೆಯುತ್ತಾರೆ ಅಂತ ಕೇಳಿದರೆ ಎಲ್ಲರೂ ಥಟ್ಟನೆ 'ಕೆಜಿ' ಅನ್ನುತ್ತಾರೆ. ಭೌತಶಾಸ್ತ್ರದ ಪುಸ್ತಕ ಮಾತ್ರ 'ಅಲ್ಲ, ತೂಕಕ್ಕೆ ನ್ಯೂಟನ್, ಕೆಜಿ ಇರುವುದು ದ್ರವ್ಯರಾಶಿಗೆ' ಅನ್ನುತ್ತದೆ. ಅಲ್ಲಿಂದ ಶುರುವಾಗುವ ಗೊಂದಲ ಎಷ್ಟೋ ಜನರಿಗೆ ಓದು ಮುಗಿದ ಮೇಲೂ ಉಳಿದಿರುತ್ತದೆ. ಇದು ಅರ್ಥವಾಗದಷ್ಟು ಕಷ್ಟದ ವಿಷಯ ಖಂಡಿತ ಅಲ್ಲ. ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ.

ಚಿಕ್ಕದಾಗಿ ಹೇಳಿ, ವ್ಯತ್ಯಾಸ ಏನು?

ದ್ರವ್ಯರಾಶಿ ವಸ್ತುವಿನ ಸ್ವಂತ ಗುಣ. ಅದನ್ನು ಎಲ್ಲಿಗೆ ಒಯ್ದರೂ ಬದಲಾಗುವುದಿಲ್ಲ. ತೂಕ ಅಂದರೆ ಆ ವಸ್ತುವನ್ನು ಭೂಮಿ (ಅಥವಾ ಚಂದ್ರ, ಅಥವಾ ಮಂಗಳ) ಎಳೆಯುವ ಬಲ. ಎಳೆಯುವವರು ಬದಲಾದರೆ ತೂಕವೂ ಬದಲಾಗುತ್ತದೆ. ದ್ರವ್ಯರಾಶಿಯ ಮಾನ ಕಿಲೋಗ್ರಾಂ. ತೂಕ ಒಂದು ಬಲವಾದ್ದರಿಂದ ಅದರ ಮಾನ ನ್ಯೂಟನ್.

ದ್ರವ್ಯರಾಶಿ ಅಂದರೆ 'ವಸ್ತುವಿನಲ್ಲಿರುವ ದ್ರವ್ಯದ ಪ್ರಮಾಣ' ಅಂತ ಓದಿದ್ದೇನೆ. ಅಷ್ಟು ಸಾಲದೇ?

ಪರೀಕ್ಷೆಗೆ ಸಾಕು, ಅರ್ಥವಾಗುವುದಕ್ಕೆ ಸಾಲದು. 'ಪ್ರಮಾಣ' ಅಂದರೆ ಏನು? ಗಾತ್ರವಾ? ಕಣಗಳ ಎಣಿಕೆಯಾ? ಆ ವಾಕ್ಯ ಅದನ್ನು ಹೇಳುವುದಿಲ್ಲ.

ಹೀಗೆ ಮಾಡಿ ನೋಡಿ. ಮುಚ್ಚಳ ಇರುವ ಒಂದೇ ತರಹದ ಎರಡು ಡಬ್ಬ ತೆಗೆದುಕೊಳ್ಳಿ. ಒಂದಕ್ಕೆ ಮರಳು ತುಂಬಿ, ಇನ್ನೊಂದನ್ನು ಖಾಲಿ ಬಿಡಿ. ಎರಡನ್ನೂ ಉದ್ದನೆಯ ಹಗ್ಗದಲ್ಲಿ ತೂಗುಹಾಕಿ. ಈಗ ಒಂದೊಂದನ್ನೇ ಬೆರಳಿನಿಂದ ಪಕ್ಕಕ್ಕೆ ತಳ್ಳಿ. ಖಾಲಿ ಡಬ್ಬ ಮುಟ್ಟಿದ ಕೂಡಲೇ ಓಡುತ್ತದೆ. ಮರಳಿನ ಡಬ್ಬ ಜಗ್ಗುವುದಿಲ್ಲ. ನಿಧಾನಕ್ಕೆ, ಮನಸ್ಸಿಲ್ಲದ ಮನಸ್ಸಿನಿಂದ ಹೊರಡುತ್ತದೆ. ಹೊರಟ ಮೇಲೆ ಅದನ್ನು ಅಂಗೈಯಿಂದ ತಡೆಯಲು ಹೋದರೆ ಕೈಯನ್ನೇ ಹಿಂದಕ್ಕೆ ತಳ್ಳುತ್ತದೆ.

ಇಲ್ಲಿ ನೀವು ಡಬ್ಬವನ್ನು ಎತ್ತಲೇ ಇಲ್ಲ, ಗಮನಿಸಿದಿರಾ? ಅದರ ತೂಕವನ್ನೆಲ್ಲ ಹಗ್ಗ ಹೊತ್ತಿದೆ. ಆದರೂ ನಿಮ್ಮ ಬೆರಳಿಗೆ ವ್ಯತ್ಯಾಸ ಗೊತ್ತಾಯಿತು. ಆ ಜಗ್ಗದ ಗುಣಕ್ಕೆ ಜಡತ್ವ ಅನ್ನುತ್ತೇವೆ. ಒಂದು ವಸ್ತುವನ್ನು ಹೊರಡಿಸುವುದು, ನಿಲ್ಲಿಸುವುದು, ದಾರಿ ತಿರುಗಿಸುವುದು ಎಷ್ಟು ಕಷ್ಟ ಅನ್ನುವುದರ ಅಳತೆಯೇ ದ್ರವ್ಯರಾಶಿ. ನನ್ನ ಮಟ್ಟಿಗೆ ಇದೇ ಸರಿಯಾದ ವಿವರಣೆ. ಇದು ಬೆರಳಿಗೆ ಸಿಕ್ಕಿಬಿಟ್ಟರೆ ಮುಂದಿನದೆಲ್ಲ ಸುಲಭ.

ಎರಡನ್ನೂ ಜೋಡಿಸುವ ಸೂತ್ರ ಯಾವುದು?

ತೂಕ = ದ್ರವ್ಯರಾಶಿ × ಗುರುತ್ವ ವೇಗೋತ್ಕರ್ಷ (ಬೀಳುವ ವಸ್ತುವಿನ ವೇಗ ಪ್ರತಿ ಸೆಕೆಂಡಿಗೆ ಎಷ್ಟು ಹೆಚ್ಚುತ್ತದೆ ಅನ್ನುವ ಲೆಕ್ಕ).

ಭೂಮಿಯ ಮೇಲೆ ಆ ವೇಗೋತ್ಕರ್ಷ ಸುಮಾರು 9.8 ಮೀಟರ್/ಸೆಕೆಂಡ್². ಇದನ್ನು 'ಪ್ರತಿ ಕಿಲೋಗ್ರಾಂಗೆ 9.8 ನ್ಯೂಟನ್' ಅಂತ ಓದಿಕೊಳ್ಳಿ. ಎರಡೂ ಒಂದೇ, ಆದರೆ ಎರಡನೆಯದು ತಲೆಗೆ ಬೇಗ ಹೋಗುತ್ತದೆ. ಭೂಮಿ ತನ್ನ ಮೇಲಿರುವ ಪ್ರತಿ ಕಿಲೋಗ್ರಾಂ ವಸ್ತುವನ್ನೂ 9.8 ನ್ಯೂಟನ್ ಬಲದಿಂದ ಎಳೆಯುತ್ತದೆ, ಅಷ್ಟೇ. 60 ಕಿಲೋಗ್ರಾಂ ಇರುವವರ ತೂಕ 588 ನ್ಯೂಟನ್.

ಒಂದು ನ್ಯೂಟನ್ ಎಷ್ಟಿರುತ್ತದೆ ಅಂತ ತಿಳಿಯಬೇಕಾ? ಸುಮಾರು 102 ಗ್ರಾಂ ಇರುವ ವಸ್ತುವನ್ನು ಅಂಗೈ ಮೇಲೆ ಇಟ್ಟುಕೊಳ್ಳಿ. ಅದು ಕೈಯನ್ನು ಒತ್ತುವುದು ಒಂದು ನ್ಯೂಟನ್ ಬಲದಿಂದ.

ಹಾಗಾದರೆ 'ನನ್ನ ತೂಕ 60 ಕೆಜಿ' ಅನ್ನುವುದು ತಪ್ಪಾ?

ಮಾತಿನಲ್ಲಿ ತಪ್ಪಿಲ್ಲ. ಯಾರಾದರೂ ಹಾಗೆ ಹೇಳಿದಾಗ ಅಡ್ಡ ಬಾಯಿ ಹಾಕಿ ತಿದ್ದಬೇಡಿ. ಭೂಮಿಯ ಮೇಲೆ ಎಲ್ಲರನ್ನೂ ಹೆಚ್ಚು ಕಡಿಮೆ ಒಂದೇ ಲೆಕ್ಕದಲ್ಲಿ ಎಳೆಯುತ್ತಿರುವುದರಿಂದ ತೂಕ ಎರಡು ಪಟ್ಟಾದರೆ ದ್ರವ್ಯರಾಶಿಯೂ ಎರಡು ಪಟ್ಟು ಅಂತಲೇ ಅರ್ಥ. ಹಾಗಾಗಿ 'ತೂಕ' ಅನ್ನುವ ಒಂದೇ ಪದ ಎರಡೂ ಕೆಲಸ ಮಾಡಿಕೊಂಡು ಬಂದಿದೆ. ವಿಜ್ಞಾನದ ಲೆಕ್ಕದಲ್ಲಿ ಮಾತ್ರ ಅದನ್ನು ಬಿಡಿಸಿ ಹೇಳಬೇಕು. 1901ರಲ್ಲೇ ಅಂತರರಾಷ್ಟ್ರೀಯ ತೂಕ ಮತ್ತು ಅಳತೆಗಳ ಮಹಾಸಭೆ ಇದನ್ನು ಸ್ಪಷ್ಟ ಮಾಡಿತು: ಕಿಲೋಗ್ರಾಂ ದ್ರವ್ಯರಾಶಿಯ ಮಾನ, ತೂಕ ಅಂದರೆ ಒಂದು ಬಲ. ಲೆಕ್ಕಾಚಾರಕ್ಕೆ ಅನುಕೂಲವಾಗಲಿ ಅಂತ 9.80665 ಅನ್ನುವ ಅಂಕಿಯನ್ನು ಗುರುತ್ವದ ಪ್ರಮಾಣಿತ ಬೆಲೆಯಾಗಿ ಆಗಲೇ ನಿಗದಿ ಮಾಡಿದರು.

ಚಂದ್ರನ ಮೇಲೆ ಹೋದರೆ ನಾನು ಸಣ್ಣ ಆಗುತ್ತೇನಾ?

ಇಲ್ಲ. ತೂಕ ಇಳಿಯುತ್ತದೆ, ನೀವು ಇಳಿಯುವುದಿಲ್ಲ. ಚಂದ್ರ ಪ್ರತಿ ಕಿಲೋಗ್ರಾಂಗೆ 1.62 ನ್ಯೂಟನ್ ಮಾತ್ರ ಎಳೆಯುತ್ತಾನೆ. 60 ಕಿಲೋಗ್ರಾಂ ಇರುವವರ ತೂಕ ಅಲ್ಲಿ ಸುಮಾರು 97 ನ್ಯೂಟನ್. ಮನೆಯ ತೂಕದ ಯಂತ್ರವನ್ನು ಅಲ್ಲಿಗೆ ಒಯ್ದು ಹತ್ತಿದರೆ ಹತ್ತು ಕೆಜಿಯ ಹತ್ತಿರ ತೋರಿಸುತ್ತದೆ. ಮಂಗಳನ ಮೇಲೆ ಈ ಲೆಕ್ಕ ಪ್ರತಿ ಕಿಲೋಗ್ರಾಂಗೆ ಸುಮಾರು 3.7 ನ್ಯೂಟನ್. ಗುರುಗ್ರಹದ ಮೋಡಗಳ ಮೇಲ್ಭಾಗದಲ್ಲಿ ಸುಮಾರು 24.8.

ಆದರೆ ಚಂದ್ರನ ಮೇಲೆ ಬಿದ್ದಿರುವ ಬಂಡೆಯನ್ನು ಜೋರಾಗಿ ಒದ್ದರೆ ಕಾಲಿಗೆ ಆಗುವ ಪೆಟ್ಟು ಇಲ್ಲಿ ಆಗುವಷ್ಟೇ. ಬಂಡೆ ಎತ್ತಲು ಹಗುರ, ತಳ್ಳಲು ಹಗುರ ಅಲ್ಲ. ಅದರ ದ್ರವ್ಯರಾಶಿ ಒಂದು ಗ್ರಾಂ ಕೂಡ ಕಡಿಮೆಯಾಗಿಲ್ಲ.

ಭೂಮಿಯ ಮೇಲೆ ಎಲ್ಲ ಕಡೆ ತೂಕ ಒಂದೇ ಇರುತ್ತದಾ?

ಇರುವುದಿಲ್ಲ. ಇದು ಪತ್ತೆಯಾದ ರೀತಿ ಬಹಳ ಚೆನ್ನಾಗಿದೆ. ಫ್ರೆಂಚ್ ಖಗೋಳ ವಿಜ್ಞಾನಿ ಜಾನ್ ರಿಷೆ 1672ರಲ್ಲಿ ದಕ್ಷಿಣ ಅಮೆರಿಕದ ಕಯೆನ್‌ನಲ್ಲಿದ್ದರು. ಇದು ಸಮಭಾಜಕ ವೃತ್ತಕ್ಕೆ ಹತ್ತಿರದ ಊರು. ಪ್ಯಾರಿಸ್‌ನಲ್ಲಿ ಸರಿಯಾಗಿ ನಡೆಯುತ್ತಿದ್ದ ಲೋಲಕದ (ಪೆಂಡುಲಮ್) ಗಡಿಯಾರ ಅಲ್ಲಿ ದಿನಕ್ಕೆ ಸುಮಾರು ಎರಡೂವರೆ ನಿಮಿಷ ಹಿಂದೆ ಬೀಳತೊಡಗಿತು. ಗಡಿಯಾರ ಕೆಟ್ಟಿರಲಿಲ್ಲ. ಅಲ್ಲಿ ಭೂಮಿಯ ಎಳೆತವೇ ಸ್ವಲ್ಪ ಕಡಿಮೆ, ಹಾಗಾಗಿ ಲೋಲಕ ನಿಧಾನವಾಗಿ ತೂಗುತ್ತಿತ್ತು. ಭೂಮಿ ಪೂರ್ತಿ ಗುಂಡಗಿಲ್ಲ, ನಡುವಿನಲ್ಲಿ ಉಬ್ಬಿದೆ ಅನ್ನುವ ತನ್ನ ವಾದಕ್ಕೆ ನ್ಯೂಟನ್ ಈ ಗಡಿಯಾರದ ಸಂಗತಿಯನ್ನೂ ಬಳಸಿಕೊಂಡರು.

ಇಂದಿನ ಅಳತೆ ಹೀಗಿದೆ: ಪ್ರತಿ ಕಿಲೋಗ್ರಾಂಗೆ ಸಮಭಾಜಕದಲ್ಲಿ ಸುಮಾರು 9.78 ನ್ಯೂಟನ್, ಧ್ರುವಗಳಲ್ಲಿ ಸುಮಾರು 9.83. ಧ್ರುವದಲ್ಲಿ 60 ಕೆಜಿ ಸರಿಯಾಗಿ ತೋರಿಸುವಂತೆ ಹೊಂದಿಸಿದ ಸ್ಪ್ರಿಂಗ್ ತಕ್ಕಡಿ ಸಮಭಾಜಕದಲ್ಲಿ ಅದೇ ಮನುಷ್ಯನಿಗೆ ಸುಮಾರು 300 ಗ್ರಾಂ ಕಡಿಮೆ ತೋರಿಸುತ್ತದೆ. ಭೂಮಿ ಉಬ್ಬಿರುವುದು ಒಂದು ಕಾರಣ, ಅದು ತಿರುಗುತ್ತಿರುವುದು ಇನ್ನೊಂದು. ಎತ್ತರಕ್ಕೆ ಹೋದಂತೆಯೂ ಎಳೆತ ಸ್ವಲ್ಪ ಇಳಿಯುತ್ತದೆ. ಒಂದು ಕಿಲೋಮೀಟರ್ ಮೇಲೇರಿದರೆ ಸುಮಾರು ಹತ್ತು ಸಾವಿರದಲ್ಲಿ ಮೂರು ಪಾಲು.

ಯಾವ ತಕ್ಕಡಿ ಯಾವುದನ್ನು ಅಳೆಯುತ್ತದೆ?

ಎರಡು ತಟ್ಟೆಯ ತಕ್ಕಡಿ ದ್ರವ್ಯರಾಶಿಗಳನ್ನು ಹೋಲಿಸುತ್ತದೆ. ಒಂದು ಕಡೆ ವಸ್ತು, ಇನ್ನೊಂದು ಕಡೆ ತೂಕದ ಕಲ್ಲು. ಗುರುತ್ವ ಕಡಿಮೆಯಾದರೆ ಎರಡೂ ಕಡೆ ಒಂದೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ, ಮುಳ್ಳು ನಡುವಿನಲ್ಲೇ ನಿಲ್ಲುತ್ತದೆ. ಚಂದ್ರನ ಮೇಲೂ ಇದು ಸರಿಯಾದ ಉತ್ತರ ಕೊಡುತ್ತದೆ.

ಸ್ಪ್ರಿಂಗ್ ತಕ್ಕಡಿ ತೂಕವನ್ನು ಅಳೆಯುತ್ತದೆ. ಎಳೆತ ಎಷ್ಟೋ ಅಷ್ಟು ಸ್ಪ್ರಿಂಗ್ ಹಿಗ್ಗುತ್ತದೆ.

ಡಿಜಿಟಲ್ ಯಂತ್ರವೂ ಸ್ಪ್ರಿಂಗಿನ ಜಾತಿಯದೇ. ಅದರೊಳಗೆ ಒಂದು ಲೋಹದ ತುಂಡು ಇರುತ್ತದೆ, ಅದಕ್ಕೆ ಲೋಡ್ ಸೆಲ್ ಅನ್ನುತ್ತಾರೆ. ಭಾರ ಬಿದ್ದಾಗ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಅದರ ಮೇಲೆ ಅಂಟಿಸಿರುವ ತೆಳು ಲೋಹದ ಎಳೆ ಹಿಗ್ಗಿ ವಿದ್ಯುತ್ ರೋಧ ಬದಲಾಗುತ್ತದೆ. ಅಂದರೆ ಯಂತ್ರಕ್ಕೆ ಗೊತ್ತಾಗುವುದು ಬಲ ಮಾತ್ರ. ಪರದೆಯ ಮೇಲೆ ಕೆಜಿ ತೋರಿಸಲು ಅದು ಒಳಗೇ ಭಾಗಿಸಿಕೊಳ್ಳುತ್ತದೆ. ಭಾಗಿಸುವ ಅಂಕಿ ಇದ್ದ ಜಾಗಕ್ಕೆ ಸರಿಯಾಗಿರಬೇಕು. ಅದಕ್ಕೇ ಪ್ರಯೋಗಾಲಯದ ಸೂಕ್ಷ್ಮ ತಕ್ಕಡಿಯನ್ನು ಬೇರೆ ಊರಿಗೆ ಸಾಗಿಸಿದ ಮೇಲೆ ಗೊತ್ತಿರುವ ತೂಕದ ಕಲ್ಲಿಟ್ಟು ಮತ್ತೆ ಹೊಂದಿಸುತ್ತಾರೆ.

ಲಿಫ್ಟ್‌ನಲ್ಲಿ ಮೈ ಭಾರವಾದಂತೆ ಅನಿಸುವುದು ನಿಜವಾ, ಭ್ರಮೆಯಾ?

ನಿಜ. ಒಂದು ಡಿಜಿಟಲ್ ತಕ್ಕಡಿ ಮತ್ತು ಒಂದು ಲೀಟರ್ ನೀರಿನ ಬಾಟಲಿ ಹಿಡಿದು ಲಿಫ್ಟ್ ಹತ್ತಿ. ತಕ್ಕಡಿಯನ್ನು ನೆಲದ ಮೇಲಿಟ್ಟು, ಬಾಟಲಿಯನ್ನು ಅದರ ಮೇಲೆ ನಿಲ್ಲಿಸಿ, ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಅಂಕಿ ನೋಡುತ್ತಿರಿ. ಲಿಫ್ಟ್ ಮೇಲಕ್ಕೆ ಹೊರಡುವ ಆ ಒಂದೆರಡು ಸೆಕೆಂಡ್ ಅಂಕಿ ಏರುತ್ತದೆ. ಮಧ್ಯದಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಮೊದಲಿನಷ್ಟಕ್ಕೇ ಬಂದು ನಿಲ್ಲುತ್ತದೆ. ನಿಲ್ಲುವ ಮುಂಚೆ ಇಳಿಯುತ್ತದೆ. ಲಿಫ್ಟ್‌ನ ವೇಗ ಪ್ರತಿ ಸೆಕೆಂಡಿಗೆ 1 ಮೀಟರ್/ಸೆಕೆಂಡ್‌ನಷ್ಟು ಹೆಚ್ಚುತ್ತಿದ್ದರೆ 1000 ಗ್ರಾಂ ಬಾಟಲಿ ಸುಮಾರು 1100 ಗ್ರಾಂ ತೋರಿಸುತ್ತದೆ.

ಬಾಟಲಿಗೆ ಯಾರೂ ನೀರು ಸೇರಿಸಲಿಲ್ಲ. ಭೂಮಿಯ ಎಳೆತವೂ ಅಷ್ಟೇ ಇದೆ. ಬಾಟಲಿಯನ್ನು ಹೊತ್ತುಕೊಂಡಿರುವುದರ ಜೊತೆಗೆ ಅದನ್ನು ಮೇಲಕ್ಕೆ ಹೊರಡಿಸಲು ತಕ್ಕಡಿ ಒಂದಿಷ್ಟು ಜಾಸ್ತಿ ತಳ್ಳಬೇಕಾಯಿತು. ಈ ತಳ್ಳುವಿಕೆಗೆ ತೋರಿಕೆಯ ತೂಕ ಅನ್ನುತ್ತಾರೆ. ನಮ್ಮ ಮೈಗೆ 'ಭಾರ' ಅಂತ ಗೊತ್ತಾಗುವುದು ಯಾವಾಗಲೂ ಇದೇ.

ಬಾಹ್ಯಾಕಾಶ ನಿಲ್ದಾಣದಲ್ಲಿ ಗುರುತ್ವವೇ ಇಲ್ಲವಾ? ಅಲ್ಲಿ ಎಲ್ಲರೂ ತೇಲುತ್ತಾರಲ್ಲ?

ಇದೆ, ಚೆನ್ನಾಗಿಯೇ ಇದೆ. ನಿಲ್ದಾಣ ಇರುವುದು ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ. ಭೂಮಿಯ ಮಧ್ಯದಿಂದ ಅಳೆದರೆ ಇದೇನೂ ದೊಡ್ಡ ದೂರವಲ್ಲ. ಅಲ್ಲಿ ಪ್ರತಿ ಕಿಲೋಗ್ರಾಂಗೆ ಸುಮಾರು 8.7 ನ್ಯೂಟನ್, ಅಂದರೆ ನೆಲದ ಮೇಲಿನ ಎಳೆತದಲ್ಲಿ ನೂರಕ್ಕೆ ತೊಂಬತ್ತರ ಹತ್ತಿರ.

ತೇಲುವುದಕ್ಕೆ ಕಾರಣ ಬೇರೆ. ನಿಲ್ದಾಣ, ಅದರೊಳಗಿನ ಜನ, ಅವರ ಪೆನ್ನು ಪುಸ್ತಕ ಎಲ್ಲವೂ ಒಟ್ಟಿಗೆ ಭೂಮಿಯ ಕಡೆ ಬೀಳುತ್ತಲೇ ಇವೆ. ಜೊತೆಗೆ ಸೆಕೆಂಡಿಗೆ ಸುಮಾರು 7.7 ಕಿಲೋಮೀಟರ್ ವೇಗದಲ್ಲಿ ಅಡ್ಡಕ್ಕೆ ಓಡುತ್ತಿವೆ. ಬೀಳುವಷ್ಟು ಹೊತ್ತಿಗೆ ಕೆಳಗಿನ ನೆಲವೂ ಬಾಗಿ ದೂರ ಸರಿದಿರುತ್ತದೆ. ಹಾಗಾಗಿ ನೆಲ ಮುಟ್ಟುವುದೇ ಇಲ್ಲ. ಎಲ್ಲವೂ ಒಂದೇ ಸಮ ಬೀಳುವಾಗ ಯಾವುದೂ ಯಾವುದರ ಮೇಲೂ ಒತ್ತುವುದಿಲ್ಲ. ತೋರಿಕೆಯ ತೂಕ ಸೊನ್ನೆ.

ಅಲ್ಲಿ ಯಾವ ತಕ್ಕಡಿಯೂ ನಡೆಯುವುದಿಲ್ಲ. ಗಗನಯಾತ್ರಿಗಳ ಮೈ ಇಳಿದಿದೆಯಾ ಅಂತ ಹೇಗೆ ನೋಡುತ್ತಾರೆ?

ನನಗೆ ತುಂಬ ಇಷ್ಟವಾದ ಪ್ರಶ್ನೆ ಇದು. ಉತ್ತರ ನಮ್ಮ ಭಾಷೆಯಲ್ಲೇ ಅಡಗಿದೆ. ಕನ್ನಡದಲ್ಲಿ 'ತೂಗು' ಅಂದರೆ ಭಾರ ನೋಡುವುದೂ ಹೌದು, ತೊಟ್ಟಿಲು ತೂಗಿದ ಹಾಗೆ ಆಚೆ ಈಚೆ ಆಡಿಸುವುದೂ ಹೌದು. ಬಾಹ್ಯಾಕಾಶದಲ್ಲಿ ಮನುಷ್ಯರನ್ನು ಎರಡನೆಯ ಅರ್ಥದಲ್ಲಿ ತೂಗುತ್ತಾರೆ! ಸ್ಪ್ರಿಂಗ್ ಜೋಡಿಸಿದ ಕುರ್ಚಿಯಲ್ಲಿ ಮೈ ಕೈ ಮುದುಡಿ, ಬಿಗಿಯಾಗಿ ಹಿಡಿದು ಕೂರುತ್ತಾರೆ. ಕುರ್ಚಿಯನ್ನು ಎಳೆದು ಬಿಟ್ಟರೆ ಹಿಂದಕ್ಕೂ ಮುಂದಕ್ಕೂ ಆಡುತ್ತದೆ. ದ್ರವ್ಯರಾಶಿ ಜಾಸ್ತಿ ಇದ್ದರೆ ಆಟ ನಿಧಾನ, ಕಡಿಮೆ ಇದ್ದರೆ ಬೇಗ. ಒಂದು ಸುತ್ತಿಗೆ ಹಿಡಿಯುವ ಸಮಯ ನೋಡಿ ದ್ರವ್ಯರಾಶಿ ಲೆಕ್ಕ ಹಾಕುತ್ತಾರೆ. 1973ರಲ್ಲಿ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್‌ನಲ್ಲಿದ್ದವರು ಹೀಗೆಯೇ ತೂಗಿಕೊಂಡರು.

ಇದನ್ನು ಮೇಜಿನ ಮೇಲೆ ನೀವೂ ಮಾಡಬಹುದು. ಒಂದು ಹ್ಯಾಕ್‌ಸಾ ಬ್ಲೇಡ್ ತಗೊಳ್ಳಿ. ಹಲ್ಲುಗಳ ಮೇಲೆ ಮೊದಲು ಟೇಪ್ ಸುತ್ತಿ, ಕೈ ಕೊಯ್ದುಕೊಳ್ಳಬೇಡಿ. ಬ್ಲೇಡಿನ ಒಂದು ತುದಿಯನ್ನು ಮೇಜಿನ ಅಂಚಿಗೆ ಕ್ಲ್ಯಾಂಪ್ ಮಾಡಿ, ಅಗಲದ ಮೈ ನೆಟ್ಟಗೆ ನಿಲ್ಲುವ ಹಾಗೆ. ಆಗ ಅದು ಮೇಲೆ ಕೆಳಗೆ ಬಾಗುವುದಿಲ್ಲ, ಪಕ್ಕಕ್ಕೆ ಮಾತ್ರ ಆಡುತ್ತದೆ. ಹೊರಗೆ ಚಾಚಿದ ತುದಿಗೆ ಒಂದು ಕಬ್ಬಿಣದ ನಟ್ಟು ಟೇಪಿನಿಂದ ಅಂಟಿಸಿ, ಬೆರಳಲ್ಲಿ ಮೀಟಿ ಬಿಡಿ. ಇಪ್ಪತ್ತು ಸಲ ಆಡುವುದಕ್ಕೆ ಎಷ್ಟು ಹೊತ್ತು ಅಂತ ಫೋನಿನ ಸ್ಟಾಪ್‌ವಾಚ್‌ನಲ್ಲಿ ನೋಡಿ. ನಟ್ಟು ಎರಡು ಮಾಡಿ, ನಾಲ್ಕು ಮಾಡಿ. ಒಂದೊಂದು ನಟ್ಟು ಸೇರಿದಾಗಲೂ ಬ್ಲೇಡ್ ಸೋಮಾರಿಯಾಗುವುದು ಕಣ್ಣಿಗೇ ಕಾಣುತ್ತದೆ. ಬ್ಲೇಡಿನ ಸ್ವಂತ ದ್ರವ್ಯರಾಶಿಯನ್ನು ಬಿಟ್ಟರೆ, ತುದಿಯ ದ್ರವ್ಯರಾಶಿ ನಾಲ್ಕು ಪಟ್ಟಾದಾಗ ಸಮಯ ಎರಡು ಪಟ್ಟು. ಈ ಪ್ರಯೋಗ ಚಂದ್ರನ ಮೇಲೆ ಮಾಡಿದರೂ ಅದೇ ಸಮಯ ಬರುತ್ತದೆ.

ಒಂದು ಎಚ್ಚರಿಕೆ: ದಾರಕ್ಕೆ ಕಲ್ಲು ಕಟ್ಟಿದ ಲೋಲಕದಲ್ಲಿ ಇದು ನಡೆಯುವುದಿಲ್ಲ. ಅದರ ಆಟಕ್ಕೆ ಕಲ್ಲು ದೊಡ್ಡದೋ ಚಿಕ್ಕದೋ ಲೆಕ್ಕಕ್ಕಿಲ್ಲ. ಅದು ದಾರದ ಉದ್ದ ಮತ್ತು ಗುರುತ್ವವನ್ನು ಮಾತ್ರ ಕೇಳುತ್ತದೆ. ರಿಷೆಯ ಗಡಿಯಾರ ಹಿಂದೆ ಬಿದ್ದದ್ದು ಇದಕ್ಕೇ.

ಭಾರದ ವಸ್ತುವನ್ನು ಭೂಮಿ ಜಾಸ್ತಿ ಎಳೆಯುತ್ತದೆ. ಅದು ಬೇಗ ಬೀಳಬೇಕಲ್ವಾ?

ಜಾಸ್ತಿ ಎಳೆಯುವುದು ನಿಜ. ಆದರೆ ಅದನ್ನು ಹೊರಡಿಸುವುದೂ ಅಷ್ಟೇ ಕಷ್ಟ. ಹತ್ತು ಪಟ್ಟು ದ್ರವ್ಯರಾಶಿಗೆ ಹತ್ತು ಪಟ್ಟು ಎಳೆತ, ಹತ್ತು ಪಟ್ಟು ಜಡತ್ವ. ಎರಡೂ ಸರಿಹೋಗಿ ಎಲ್ಲವೂ ಒಟ್ಟಿಗೆ ನೆಲ ಮುಟ್ಟುತ್ತವೆ, ಗಾಳಿಯ ತಡೆ ಇಲ್ಲದಿದ್ದರೆ. 1971ರ ಆಗಸ್ಟ್‌ನಲ್ಲಿ ಅಪೊಲೊ 15ರ ಗಗನಯಾತ್ರಿ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ನಿಂತು ಸುತ್ತಿಗೆ ಮತ್ತು ಗರಿಯನ್ನು ಒಟ್ಟಿಗೆ ಬಿಟ್ಟು ಇದನ್ನು ತೋರಿಸಿದರು.

ಎಳೆತಕ್ಕೆ ಸಿಗುವ ದ್ರವ್ಯರಾಶಿ, ಜಡತ್ವದ ದ್ರವ್ಯರಾಶಿ ಎರಡೂ ಯಾಕೆ ಇಷ್ಟು ಕರಾರುವಾಕ್ಕಾಗಿ ಸಮ? ಐನ್‌ಸ್ಟೈನ್ ತಮ್ಮ ಗುರುತ್ವ ಸಿದ್ಧಾಂತವನ್ನು ಈ ಸಮಾನತೆಯ ಮೇಲೆಯೇ ಕಟ್ಟಿದರು. 2016ರಲ್ಲಿ ಹಾರಿಸಿದ ಮೈಕ್ರೋಸ್ಕೋಪ್ ಅನ್ನುವ ಫ್ರೆಂಚ್ ಉಪಗ್ರಹ ಇದನ್ನು ಸಾವಿರ ಲಕ್ಷ ಕೋಟಿಯಲ್ಲಿ ಕೆಲವೇ ಭಾಗದಷ್ಟು ಸೂಕ್ಷ್ಮವಾಗಿ ಪರೀಕ್ಷಿಸಿತು. ಆಗಲೂ ವ್ಯತ್ಯಾಸ ಕಾಣಲಿಲ್ಲ.

ಒಂದು ಕಿಲೋಗ್ರಾಂ ಅಂದರೆ ಇಷ್ಟೇ ಅಂತ ಯಾರು ನಿರ್ಧರಿಸಿದರು?

ಶುರುವಾದದ್ದು ನೀರಿನಿಂದ. ಫ್ರಾನ್ಸ್‌ನಲ್ಲಿ 1795ರ ಕಾನೂನು ಗ್ರಾಂ ಅನ್ನು ನೀರಿನ ಲೆಕ್ಕದಲ್ಲಿ ಹೇಳಿತು. ಒಂದು ಲೀಟರ್ ತಣ್ಣೀರು ಹೆಚ್ಚು ಕಡಿಮೆ ಒಂದು ಕಿಲೋಗ್ರಾಂ ಇರುವುದು ಕಾಕತಾಳೀಯ ಅಲ್ಲ, ಹಾಗೆಯೇ ಮಾಡಿದ್ದು. 1799ರಲ್ಲಿ ಪ್ಲಾಟಿನಂನ ಒಂದು ತೂಕದ ಕಲ್ಲು ಬಂತು. 1889ರಿಂದ ಆ ಜಾಗಕ್ಕೆ ಪ್ಲಾಟಿನಂ ಮತ್ತು ಇರಿಡಿಯಂ ಬೆರೆಸಿದ ಉರುಳೆ ಬಂತು. ಎತ್ತರ 39 ಮಿಲಿಮೀಟರ್, ಅಗಲವೂ ಅಷ್ಟೇ. ಅಂಗೈಯಲ್ಲಿ ಮುಚ್ಚಿಡಬಹುದು. ಪ್ಯಾರಿಸ್ ಪಕ್ಕದ ಸೆವ್ರ್‌ನಲ್ಲಿ, ಮೂರು ಬೀಗದ ಕೈ ಬೇಕಾಗುವ ನೆಲಮಾಳಿಗೆಯಲ್ಲಿ, ಗಂಟೆಯಾಕಾರದ ಗಾಜಿನ ಮುಚ್ಚಳಗಳ ಕೆಳಗೆ ಅದನ್ನು ಇಟ್ಟಿದ್ದರು. ಇಡೀ ಜಗತ್ತಿನ ಕಿಲೋಗ್ರಾಂ ಅದೊಂದೇ ಉರುಳೆ.

ತೊಂದರೆ ಶುರುವಾದದ್ದು ಅದರ ನಕಲುಗಳ ಜೊತೆ ಹೋಲಿಸಿದಾಗ. ನೂರು ವರ್ಷದಲ್ಲಿ ಮೂಲಕ್ಕೂ ನಕಲುಗಳಿಗೂ ಸುಮಾರು 50 ಮೈಕ್ರೋಗ್ರಾಂ ವ್ಯತ್ಯಾಸ ಬಂದಿತ್ತು. ಮೂಲ ಸವೆಯಿತೋ, ನಕಲುಗಳು ಬೆಳೆದವೋ? ಹೇಳಲು ದಾರಿಯೇ ಇಲ್ಲ. ಯಾಕೆಂದರೆ ಆ ಉರುಳೆ ಎಷ್ಟಿದ್ದರೂ ವ್ಯಾಖ್ಯೆಯ ಪ್ರಕಾರ ಅದೇ ಒಂದು ಕಿಲೋಗ್ರಾಂ!

2018ರ ನವೆಂಬರ್ 16ರಂದು ವರ್ಸೈನಲ್ಲಿ ಸೇರಿದ ದೇಶಗಳು ಇದನ್ನು ಬದಲಿಸಿದವು. 2019ರ ಮೇ 20ರಿಂದ ಕಿಲೋಗ್ರಾಂ ನಿಂತಿರುವುದು ಕ್ವಾಂಟಂ ಭೌತಶಾಸ್ತ್ರದ ಪ್ಲಾಂಕ್ ಸ್ಥಿರಾಂಕದ ಮೇಲೆ. ಅದು ಪ್ರಕೃತಿಯ ಅಂಕಿ, ಸವೆಯುವುದಿಲ್ಲ, ಕದಿಯಲಾಗುವುದಿಲ್ಲ. ಆ ಅಂಕಿಯಿಂದ ನಿಜವಾದ ತೂಕದ ಕಲ್ಲಿಗೆ ಬರಲು ಕಿಬಲ್ ತಕ್ಕಡಿ ಬಳಸುತ್ತಾರೆ. 1975ರಲ್ಲಿ ಬ್ರಿಟನ್ನಿನ ಬ್ರಯನ್ ಕಿಬಲ್ ಹೇಳಿದ ಉಪಾಯ ಇದು. ಒಂದು ಕಡೆ ಕಲ್ಲಿನ ತೂಕ, ಇನ್ನೊಂದು ಕಡೆ ತಂತಿಸುರುಳಿಯ ವಿದ್ಯುತ್ಕಾಂತ ಬಲ. ಇಲ್ಲಿ ಸಿಗುವುದು ತೂಕ, ಬೇಕಾಗಿರುವುದು ದ್ರವ್ಯರಾಶಿ. ಆದ್ದರಿಂದ ಆ ಕೋಣೆಯಲ್ಲಿ ಗುರುತ್ವ ಎಷ್ಟು ಅಂತ ಬೇರೆಯಾಗಿ ಅಳೆಯಲೇಬೇಕು. ಗಾಳಿ ತೆಗೆದ ಕೊಳವೆಯಲ್ಲಿ ಬೀಳುವ ವಸ್ತುವನ್ನು ಲೇಸರಿನಿಂದ ಹಿಂಬಾಲಿಸಿ ಅದನ್ನು ಕಂಡುಹಿಡಿಯುತ್ತಾರೆ.

ಬೇರೆ ಮಾನಗಳು ಯಾವ ಗುಂಪಿಗೆ ಸೇರುತ್ತವೆ?

ದ್ರವ್ಯರಾಶಿಗೆ: ಮಿಲಿಗ್ರಾಂ, ಗ್ರಾಂ, ಕ್ವಿಂಟಾಲ್ (100 ಕಿಲೋಗ್ರಾಂ), ಟನ್ (1000 ಕಿಲೋಗ್ರಾಂ). ರತ್ನಗಳ ಕ್ಯಾರಟ್ 200 ಮಿಲಿಗ್ರಾಂ. ಪೌಂಡ್ ಈಗ ಕರಾರುವಾಕ್ಕಾಗಿ 0.45359237 ಕಿಲೋಗ್ರಾಂ.

ಬಲಕ್ಕೆ: ನ್ಯೂಟನ್. ಹಳೆಯ ಪುಸ್ತಕಗಳಲ್ಲಿ ಡೈನ್ ಸಿಗುತ್ತದೆ, ಒಂದು ನ್ಯೂಟನ್ ಅಂದರೆ ಒಂದು ಲಕ್ಷ ಡೈನ್. ಕಿಲೋಗ್ರಾಂ-ಬಲ ಅಂದರೆ 9.80665 ನ್ಯೂಟನ್. ಪೌಂಡ್-ಬಲ ಸುಮಾರು 4.45 ನ್ಯೂಟನ್. ಕೊನೆಯ ಎರಡರಿಂದ ದೂರ ಇರುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಹೆಸರಲ್ಲೇ ಎರಡನ್ನೂ ಕಲಸಿಬಿಡುತ್ತವೆ.

ಮಾನ ಬರೆಯದೆ ಬರೀ ಅಂಕಿ ಬರೆದರೆ ಏನಾಗುತ್ತದೆ ಅನ್ನುವುದಕ್ಕೆ ನಾಸಾ ಮಂಗಳನ ಕಡೆ ಕಳಿಸಿದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ನೋಡಿ. ಅದರ ಪುಟ್ಟ ರಾಕೆಟ್‌ಗಳ ತಳ್ಳುವಿಕೆಯನ್ನು ನೆಲದ ಒಂದು ಸಾಫ್ಟ್‌ವೇರ್ ಪೌಂಡ್-ಬಲದಲ್ಲಿ ಕೊಡುತ್ತಿತ್ತು, ಇನ್ನೊಂದು ಅದನ್ನು ನ್ಯೂಟನ್ ಅಂತ ಓದಿಕೊಳ್ಳುತ್ತಿತ್ತು. 1999ರ ಸೆಪ್ಟೆಂಬರ್ 23ರಂದು ನೌಕೆ ಮಂಗಳನಿಗೆ ತೀರಾ ಹತ್ತಿರ ಹೋಗಿ ನಾಶವಾಯಿತು. 1983ರ ಜುಲೈನಲ್ಲಿ ಕೆನಡಾದ ಒಂದು ವಿಮಾನಕ್ಕೆ ಇಂಧನ ತುಂಬುವಾಗ ಕಿಲೋಗ್ರಾಂ ಬದಲು ಪೌಂಡಿನ ಲೆಕ್ಕ ಹಿಡಿದರು. ಬೇಕಾದ್ದರಲ್ಲಿ ಅರ್ಧಕ್ಕಿಂತ ಕಡಿಮೆ ಇಂಧನದಲ್ಲಿ ಅದು ಹಾರಿತು, ಆಕಾಶದಲ್ಲೇ ಎರಡೂ ಎಂಜಿನ್ ನಿಂತವು. ಪೈಲಟ್‌ಗಳು ಅದನ್ನು ತೇಲಿಸಿಕೊಂಡು ಬಂದು ಗಿಮ್ಲಿ ಅನ್ನುವ ಊರಿನ ಹಳೆಯ ರನ್‌ವೇಯಲ್ಲಿ ಇಳಿಸಿದರು. ಎಲ್ಲರೂ ಬದುಕಿದರು.

ಒಂದು ಕೆಜಿ ಕಬ್ಬಿಣ, ಒಂದು ಕೆಜಿ ಥರ್ಮಾಕೋಲ್: ಯಾವುದು ಭಾರ?

ದ್ರವ್ಯರಾಶಿ ಸಮ, ಭೂಮಿಯ ಎಳೆತವೂ ಸಮ. ಆದರೆ ತಕ್ಕಡಿಯ ಮೇಲಿಟ್ಟರೆ ಥರ್ಮಾಕೋಲ್ ಕಡಿಮೆ ತೋರಿಸುತ್ತದೆ! ನೀರು ವಸ್ತುಗಳನ್ನು ಮೇಲಕ್ಕೆತ್ತುವ ಹಾಗೆ ಗಾಳಿಯೂ ಸ್ವಲ್ಪ ಎತ್ತುತ್ತದೆ. ಹಗುರ ಜಾತಿಯ ಥರ್ಮಾಕೋಲ್ ಒಂದು ಕಿಲೋಗ್ರಾಂಗೆ ಸುಮಾರು 50 ಲೀಟರ್ ಜಾಗ ಹಿಡಿಯುತ್ತದೆ. ಅಷ್ಟು ಜಾಗದ ಗಾಳಿ ಸುಮಾರು 60 ಗ್ರಾಂ. ತಕ್ಕಡಿ ತೋರಿಸುವುದು 940 ಗ್ರಾಂ ಆಸುಪಾಸು. ಕಬ್ಬಿಣದಲ್ಲಿ ಈ ಕಡಿತ ಒಂದು ಗ್ರಾಂ ಕೂಡ ಇಲ್ಲ.

ಭೂಮಿಯ ತೂಕ ಎಷ್ಟು?

ಪ್ರಶ್ನೆಯನ್ನು ಸ್ವಲ್ಪ ತಿದ್ದಿ 'ದ್ರವ್ಯರಾಶಿ ಎಷ್ಟು' ಅಂತ ಕೇಳಬೇಕು. ತೂಕ ಅಂದರೆ ಯಾರೋ ಎಳೆಯುವ ಬಲ. ಭೂಮಿಯನ್ನು ಯಾರು ಎಳೆಯುತ್ತಿದ್ದಾರೆ? ಸೂರ್ಯ, ಚಂದ್ರ, ಜೊತೆಗೆ ನೀವೂ. 60 ಕಿಲೋಗ್ರಾಂ ಇರುವ ನಿಮ್ಮನ್ನು ಭೂಮಿ 588 ನ್ಯೂಟನ್ ಬಲದಿಂದ ಎಳೆದರೆ ನೀವೂ ಅದನ್ನು ಅಷ್ಟೇ ಬಲದಿಂದ ಎಳೆಯುತ್ತೀರಿ.

ಅದರ ದ್ರವ್ಯರಾಶಿ ಸುಮಾರು 6ರ ಮುಂದೆ 24 ಸೊನ್ನೆ ಇಟ್ಟಷ್ಟು ಕಿಲೋಗ್ರಾಂ. ಇದಕ್ಕೆ ದಾರಿ ತೋರಿಸಿದವರು ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಷ್. ಅವರು ತೆಳು ತಂತಿಯಲ್ಲಿ ಒಂದು ಕೋಲನ್ನು ತೂಗುಬಿಟ್ಟು, ಅದರ ಎರಡು ತುದಿಗೂ ಸೀಸದ ಗುಂಡು ಕಟ್ಟಿದರು. ಪಕ್ಕಕ್ಕೆ ದೊಡ್ಡ ಸೀಸದ ಗುಂಡುಗಳನ್ನು ತಂದಾಗ ಕೋಲು ಕೂದಲೆಳೆಯಷ್ಟು ತಿರುಗಿತು. ಮೈಯ ಬಿಸಿಗೆ ಗಾಳಿ ಕದಲಬಾರದು ಅಂತ ಕೋಣೆಯ ಹೊರಗೆ ನಿಂತು ದೂರದರ್ಶಕದಲ್ಲಿ ನೋಡಿದರು. 1798ರಲ್ಲಿ ಅವರು ಕೊಟ್ಟ ಉತ್ತರ: ಭೂಮಿಯ ಸರಾಸರಿ ಸಾಂದ್ರತೆ ನೀರಿನ 5.48 ಪಟ್ಟು. ಇಂದಿನ ಅಳತೆ 5.51.